ಹಸಿರು ಚುಕ್ಕೆಯ ಸ್ಟಿಕ್ಕರ್ ಎಬ್ಬಿಸಿದರೆ ಅಡಿಯಲ್ಲಿ ‘ಬೀಫ್ ಜೆಲಟಿನ್’. ನೀವೆಲ್ಲ ಹೇಗೆ ನೋಡಿ ತರುತ್ತೀರಿ?

ಲತಾ_ಬನಶಂಕರಿ
ಎಲ್ಲರಿಗೂ ನಮಸ್ಕಾರ. ಮನೆ ಹತ್ತಿರದ ಒಂದು ಸೂಪರ್ ಮಾರ್ಕೆಟ್‌ನಿಂದ (ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ) ಹೊರದೇಶದ ಮಾರ್ಷ್‌ಮ್ಯಾಲೋ ಪ್ಯಾಕೆಟ್ ತಂದಿದ್ದೆ. ಹಿಂಬದಿಯಲ್ಲಿ ಆಮದು ಮಾಡಿದವರ ಬಿಳಿ ಸ್ಟಿಕ್ಕರ್, ಅದರ ಮೂಲೆಯಲ್ಲಿ ಹಸಿರು ಚುಕ್ಕೆ. ಅಷ್ಟು ನೋಡಿಯೇ ಬುಟ್ಟಿಗೆ ಹಾಕಿದ್ದು. ಮನೆಗೆ ಬಂದ ಮೇಲೆ ಮಗಳು ಸ್ಟಿಕ್ಕರಿನ ಅಂಚನ್ನು ಉಗುರಿನಲ್ಲಿ ಕೆರೆದು ಎಬ್ಬಿಸಿದಳು. ಅಡಿಯಲ್ಲಿ ತಯಾರಿಸಿದವರೇ ಅಚ್ಚು ಹಾಕಿಸಿದ ಪಟ್ಟಿ: ಗ್ಲೂಕೋಸ್ ಸಿರಪ್, ಸಕ್ಕರೆ, ನೀರು, ಬೀಫ್ ಜೆಲಟಿನ್. ಮೇಲಿನ ಸ್ಟಿಕ್ಕರಿನಲ್ಲಿ ಆ ಜಾಗಕ್ಕೆ ಬರೀ ‘ಜೆಲ್ಲಿಂಗ್ ಏಜೆಂಟ್’ ಅಂತ ಬರೆದಿದ್ದಾರೆ.

ಅಷ್ಟರಲ್ಲಿ ನಮ್ಮ ಅತ್ತೆ ಒಂದೆರಡು ತಿಂದಾಗಿತ್ತು. ಏಕಾದಶಿ ತಪ್ಪದೆ ಮಾಡುವವರು, ಹೊರಗಡೆ ಕಾಫಿಯನ್ನೂ ಕುಡಿಯದವರು. ಅವರಿಗೆ ಹೇಳಬೇಕೋ ಬೇಡವೋ ಅಂತ ನಮ್ಮವರೂ ನಾನೂ ರಾತ್ರಿ ತುಂಬ ಹೊತ್ತು ಮಾತಾಡಿದೆವು, ಬಗೆಹರಿಯಲಿಲ್ಲ. ನನಗೆ ಸಂಕಟ ಆಗುತ್ತಿರುವುದು ಅದಕ್ಕೇ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಪ್ಯಾಕೆಟ್ ಮೇಲೆ ಏನನ್ನು ನಂಬಬೇಕು?

ಕುಮಾರ_ಕಾಮಾಕ್ಷಿಪಾಳ್ಯ
ಲತಕ್ಕ, ನಿಮ್ ಸಂಕಟ ಅರ್ಥ ಆಯ್ತದೆ. ನಾವು ಬಾಡು ತಿನ್ನೋರು, ನಮಗೂ ಇದೇ ಪಾಡು. ನಾಟಿ ಕೋಳಿ ಅಂತ ದುಡ್ಡು ಎಣಿಸಿಕೊಂಡು ಗಿರಿರಾಜ ಕೊಡೋರು ಎಷ್ಟ್ ಜನ ಇಲ್ಲ? ಗಿರಿರಾಜನ ಮೇಲೆ ನಂಗೆ ಕೋಪ ಇಲ್ಲ, ನಮ್ ಹೆಬ್ಬಾಳದ ಪಶುವೈದ್ಯ ಕಾಲೇಜಿನೋರು ಹಿತ್ತಲಲ್ಲಿ ಸಾಕ್ಕೊಳ್ಳಿ ಅಂತ ಮಾಡಿದ ತಳಿ ಅದು, ಒಳ್ಳೇದೇ. ಆದ್ರೆ ಅದನ್ನ ನಾಟಿ ಅಂತ ಮಾರೋದು ಮೋಸ. ಸಾರು ಕುದಿಯೋವಾಗ ನಮ್ಮವ್ವ ವಾಸನೆಲೇ ಹೇಳಿಬಿಡ್ತಾರೆ, ಮೂಳೆ ಕಡಿದ್ರೂ ಗೊತ್ತಾಯ್ತದೆ. ಆದ್ರೆ ಅಷ್ಟೊತ್ತಿಗೆ ದುಡ್ಡು ಹೋಗಿರ್ತದೆ.

ಬನ್ನೂರು ಕುರಿದೂ ಅಷ್ಟೇ. ಜೀವಂತ ನಿಂತಿದ್ರೆ ನಾವು ಗುರುತು ಹಿಡೀತೀವಿ: ಕಾಲು ಗಿಡ್ಡ, ಮೈ ಅಗಲ, ಹಿಂದಿನಿಂದ ನೋಡಿದ್ರೆ ತೊಡೆ ಎರಡೂ ಕಮಾನು ಹಾಕ್ದಂಗೆ ದುಂಡಗೆ. ಚರ್ಮ ಸುಲಿದು ಕೊಕ್ಕೆಗೆ ನೇತಾಕಿದ ಮೇಲೆ ಯಾವ ಊರ ಕುರಿಯಾದ್ರೂ ಬನ್ನೂರಾಗ್ಬಿಡ್ತದೆ. ಹೊಸತೊಡಕಿನ ದಿನ ಮೈಸೂರು ರೋಡಲ್ಲಿ ಬೆಳಗಿನ ಜಾವಕ್ಕೇ ಸಾಲು ನಿಂತಿರ್ತೀವಿ, ಆ ನೂಕುನುಗ್ಗಲಲ್ಲಿ ಯಾರು ಕೇಳ್ತಾರೆ?

ನಿಮ್ ಅತ್ತೆಯವ್ರಿಗೆ ಹೇಳಿ ಅಕ್ಕ. ಮುಚ್ಚಿಟ್ರೆ ಆ ಸ್ಟಿಕ್ಕರ್ ಅಂಟಿಸಿದೋನ ಕೆಲಸವನ್ನ ನೀವು ಮುಂದುವರಿಸ್ದಂಗಾಯ್ತದೆ.

ಡಿಎನ್‌ಎ_ಶಿವು
ಆಹಾರ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ನನ್ನದು, ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಯುರೋಪಿನ ಕುದುರೆ ಮಾಂಸದ ಪ್ರಕರಣ ನೆನಪಿದೆಯಾ? 2013ರ ಜನವರಿ 15ರಂದು ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಸೂಪರ್ ಮಾರ್ಕೆಟ್‌ಗಳ ಬೀಫ್ ಬರ್ಗರ್ ಪರೀಕ್ಷೆಯ ಫಲಿತಾಂಶ ಹೊರಹಾಕಿತು. ಒಟ್ಟು 27 ಬಗೆಯ ಬರ್ಗರ್. ಅದರಲ್ಲಿ 10ರಲ್ಲಿ ಕುದುರೆಯ ಡಿಎನ್‌ಎ, 23ರಲ್ಲಿ ಹಂದಿಯ ಡಿಎನ್‌ಎ. ಹೆಚ್ಚಿನವುಗಳಲ್ಲಿ ಕುದುರೆಯ ಅಂಶ ತೀರ ಕಡಿಮೆಯೇ ಇತ್ತು, ಟೆಸ್ಕೋ ಅನ್ನೋ ಸೂಪರ್ ಮಾರ್ಕೆಟ್ ಕಂಪನಿಯ ಒಂದು ಮಾದರಿಯಲ್ಲಿ ಮಾತ್ರ ಬೀಫ್‌ಗೆ ಹೋಲಿಸಿದರೆ 29 ಪರ್ಸೆಂಟ್. ಮುಂದಿನ ತಿಂಗಳೇ ಫಿಂಡಸ್ ಅನ್ನೋ ಫ್ರೋಜನ್ ಆಹಾರದ ಕಂಪನಿಯ ಬೀಫ್ ಲಸಾನ್ಯಾ ಸಿಕ್ಕಿಬಿತ್ತು. ಕೆಲವು ಮಾದರಿಗಳಲ್ಲಿ ಪೂರ್ತಿ ಕುದುರೆ ಮಾಂಸವೇ. ಅದು ಬಂದ ದಾರಿ ನೋಡಿ: ರುಮೇನಿಯಾದ ಕಸಾಯಿಖಾನೆ, ನಡುವೆ ದಲ್ಲಾಳಿಗಳು, ಫ್ರಾನ್ಸಿನ ಮಾಂಸದ ಕಂಪನಿ, ಲಕ್ಸೆಂಬರ್ಗ್‌ನ ಕಾರ್ಖಾನೆ, ಕೊನೆಗೆ ಬ್ರಿಟನ್ನಿನ ಫ್ರೀಜರ್. ರುಮೇನಿಯಾದಿಂದ ಹೊರಟಾಗ ಅದರ ಮೇಲೆ ಕುದುರೆ ಅಂತಲೇ ಬರೆದಿತ್ತು, ಹೆಸರು ಬದಲಾದದ್ದು ನಡುದಾರಿಯಲ್ಲಿ. ಕಾರಣ ದುಡ್ಡು, ಬೀಫ್‌ಗಿಂತ ಕುದುರೆ ಮಾಂಸ ಅಗ್ಗ. 2019ರಲ್ಲಿ ಪ್ಯಾರಿಸ್‌ನ ನ್ಯಾಯಾಲಯ ಇದರಲ್ಲಿ ಕೆಲವರಿಗೆ ಶಿಕ್ಷೆಯನ್ನೂ ಕೊಟ್ಟಿತು.

ಕುದುರೆ ತಿಂದರೆ ವಿಷವೇನೂ ಅಲ್ಲ. ಫ್ರಾನ್ಸ್, ಜಪಾನ್, ಕಜಕಸ್ತಾನದಲ್ಲಿ ಕೇಳಿ ಪಡೆದು ತಿನ್ನುತ್ತಾರೆ. ಆದರೆ ಕುದುರೆಗಳಿಗೆ ನೋವಿಗೆಂದು ಕೊಡುವ ಫಿನೈಲ್‌ಬ್ಯುಟಜೋನ್ ಅನ್ನೋ ಔಷಧಿ ಮನುಷ್ಯರ ಆಹಾರಕ್ಕೆ ಸೇರಬಾರದು. ಹೆಸರೇ ಬದಲಾದ ಮಾಂಸದಲ್ಲಿ ಔಷಧಿಯ ಲೆಕ್ಕ ಯಾರು ಇಟ್ಟಿರುತ್ತಾರೆ? ನನ್ನ ಮಟ್ಟಿಗೆ ಮುಖ್ಯವಾದ ಅಪಾಯ ಅದೇ.

ಇನ್ನು ಕಂಡುಹಿಡಿಯೋದು ಹೇಗೆ ಅಂತ. ಕೊಚ್ಚಿದ ಮಾಂಸವನ್ನು ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಬೆಂದ ಮೇಲೆ ಪ್ರೊಟೀನಿನ ರೂಪ ಕೆಟ್ಟುಹೋಗುತ್ತೆ, ಆ ಬಗೆಯ ಪರೀಕ್ಷೆಗಳು ಕೈಕೊಡುತ್ತವೆ. ಡಿಎನ್‌ಎ ತುಂಡಾದರೂ ಉಳಿದಿರುತ್ತೆ. ಒಂದೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯದ ಡಿಎನ್‌ಎ ಪ್ರತಿಗಳು ಬೇಕಾದಷ್ಟಿರುವುದರಿಂದ ಅದರಲ್ಲಿನ ಸೈಟೋಕ್ರೋಮ್ ಬಿ ಅನ್ನೋ ಜೀನಿನ ಚಿಕ್ಕ ತುಣುಕನ್ನು ಓದಿ ಯಾವ ಪ್ರಾಣಿ ಅಂತ ಹೇಳುತ್ತೇವೆ. ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಈ ಕೆಲಸದಲ್ಲಿ ಹೆಸರು ಮಾಡಿದ ಸಂಸ್ಥೆ, ಕಳ್ಳಬೇಟೆಯ ಮಾಂಸದ ಎಷ್ಟೋ ಮೊಕದ್ದಮೆಗಳಿಗೆ ಅಲ್ಲಿಂದಲೇ ವರದಿ ಬಂದಿದೆ.

ಲತಾ ಮೇಡಂ, ನಿಮ್ಮ ಜೆಲಟಿನ್ ವಿಷಯ ಇದಕ್ಕಿಂತ ಕಷ್ಟ. ಮೂಳೆ, ಚರ್ಮವನ್ನು ಆಮ್ಲದಲ್ಲೋ ಸುಣ್ಣದಲ್ಲೋ ನೆನೆಹಾಕಿ ಕಾಯಿಸಿ ತೆಗೆಯುವುದರಿಂದ ಡಿಎನ್‌ಎ ಬಹುಪಾಲು ನಾಶವಾಗಿರುತ್ತೆ. ಹಸುವಿನದೋ ಹಂದಿಯದೋ ಅಂತ ಹೇಳಲು ಬೇರೆ ದುಬಾರಿ ಯಂತ್ರ ಬೇಕು. ಹಾಗಾಗಿ ಆ ಸ್ಟಿಕ್ಕರ್, ಅದರ ಅಡಿಯ ಪಟ್ಟಿ, ಬಿಲ್ಲು, ಈ ಮೂರೂ ನಿಮ್ಮ ದೊಡ್ಡ ಸಾಕ್ಷಿ. ಪ್ಯಾಕೆಟ್ ಎಸೆಯಬೇಡಿ.

ಆಯೇಷಾ_ಶಿವಾಜಿನಗರ
ಶಿವು ಸರ್ ಹೇಳಿದ ಆ 23 ಅನ್ನೋ ಸಂಖ್ಯೆಯನ್ನು ಎಲ್ಲರೂ ಮರೆತುಬಿಡ್ತಾರೆ. ಪೇಪರ್‌ಗಳಲ್ಲೆಲ್ಲ ಕುದುರೆ ಕುದುರೆ ಅಂತ ಬಂತು. ನಮ್ಮಂಥವರಿಗೆ ಎದೆ ಧಸಕ್ ಅಂದಿದ್ದು ಹಂದಿ ಅನ್ನೋ ಪದಕ್ಕೆ. ಮಾರ್ಷ್‌ಮ್ಯಾಲೋ, ಜೆಲ್ಲಿ, ಕೆಲವು ಮಾತ್ರೆಗಳ ಕ್ಯಾಪ್ಸೂಲ್ ಎಲ್ಲದರಲ್ಲೂ ಜೆಲಟಿನ್, ಅದು ಯಾವುದರದು ಅಂತ ಬರೆದಿರಲ್ಲ. ಲತಾ ಆಂಟಿಯ ಅತ್ತೆ ಮತ್ತು ನಮ್ಮ ಅಮ್ಮಿ ಒಂದೇ ಪ್ಯಾಕೆಟ್ ಹಿಡಿದು ಒಂದೇ ಪ್ರಶ್ನೆ ಕೇಳ್ತಿದ್ದಾರೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. 2024ರ ಜುಲೈ 26ರ ಸಂಜೆ ಮೆಜೆಸ್ಟಿಕ್ ರೈಲ್ವೆ ಸ್ಟೇಷನ್‌ನಲ್ಲಿ ರಾಜಸ್ಥಾನದಿಂದ ಬಂದ ಮಾಂಸದ ಪೆಟ್ಟಿಗೆಗಳನ್ನು ತಡೆದು ನಾಯಿ ಮಾಂಸ ಅಂತ ಗಲಾಟೆ ಮಾಡಿದರು. ಮೊಬೈಲ್‌ನಲ್ಲಿ ಆ ಉದ್ದ ಬಾಲದ ವಿಡಿಯೋ ನೋಡದವರೇ ಇಲ್ಲ. ಹೈದರಾಬಾದಿನ ಪ್ರಯೋಗಾಲಯಕ್ಕೆ ಮಾದರಿ ಹೋಯಿತು, ನಾಯಿಯದಲ್ಲ ಅಂತ ವರದಿ ಬಂತು. ಆ ಕಡೆಯ ಸಿರೋಹಿ ತಳಿಯ ಆಡಿಗೆ ಬಾಲ ಸ್ವಲ್ಪ ಉದ್ದ, ಮೈಮೇಲೆ ಚುಕ್ಕೆ ಇರುತ್ತೆ ಅಂತ ಆಹಾರ ಸುರಕ್ಷತಾ ಆಯುಕ್ತರೇ ವಿವರಿಸಿದರು. ಆದರೆ ವರದಿಯನ್ನು ಯಾರು ಫಾರ್ವರ್ಡ್ ಮಾಡ್ತಾರೆ?

ನಮ್ಮ ಅಬ್ಬಾದು ಮಟನ್ ಅಂಗಡಿ. ಆಮೇಲೆ ವಾರಗಟ್ಟಲೆ, ವರ್ಷಗಳಿಂದ ಬರುತ್ತಿದ್ದ ಗಿರಾಕಿಗಳೂ “ಭಾಯ್, ಬಾಲ ತೋರಿಸಿ” ಅಂತ ಕೇಳೋರು. ಅಬ್ಬಾ ಕೋಪ ಮಾಡಿಕೊಳ್ಳಲಿಲ್ಲ. ಬಾಲ ಬಿಡಿಸದೆ ಹಾಗೇ ನೇತುಹಾಕಿ, ತಲೆಯನ್ನೂ ಪಕ್ಕದಲ್ಲೇ ಇಟ್ಟು ಮಾರಿದರು. ಗಿರಾಕಿ ಎದುರಿಗೇ ಕತ್ತರಿಸೋದು, ತೂಗೋದು. ಕೇಳುವ ಹಕ್ಕು ಗಿರಾಕಿಗಿದೆ ಅಂತ ಅವರ ಮಾತು. ನನಗೆ ಮಾತ್ರ ಇವತ್ತಿಗೂ ನೋವಿದೆ. ಯಾಕೆಂದರೆ ಅದೇ ಜನ ಫ್ರೀಜರ್‌ನ ಕಬಾಬ್ ಪ್ಯಾಕೆಟನ್ನು ಒಂದು ಮಾತು ಕೇಳದೆ ತಗೊಂಡು ಹೋಗ್ತಾರೆ.

ಪದ್ಮನಾಭನಗರ_ಶ್ರೀಧರ
ಆಯೇಷಾ ಅವರ ತಂದೆಯ ವಿಷಯ ಓದಿ ಬೇಜಾರಾಯಿತು. ಆದರೂ ನಾನು ಹೇಳುವುದು ಹೇಳುತ್ತೇನೆ. ನಾಯಿ, ಕತ್ತೆ, ಹುಳ, ಹುಪ್ಪಟೆ ತಿನ್ನುವುದನ್ನೆಲ್ಲ ಅವರವರ ಇಷ್ಟ ಅಂತ ಬಿಟ್ಟದ್ದಕ್ಕೇ ಈ ಕಲಬೆರಕೆ. ತಿನ್ನಲು ಯೋಗ್ಯವಾದದ್ದು ಯಾವುದು ಅಂತ ಸಮಾಜಕ್ಕೆ ಒಂದು ಗೆರೆ ಇರಬೇಕು.

ಕೋಲಾರದ_ಮುನಿರಾಜು
ಶ್ರೀಧರ್ ಸರ್, ಆ ಗೆರೆ ಯಾರ ಮನೆ ಅಂಗಳದಲ್ಲಿ ಹಾಕ್ತೀರಾ? ನಮ್ಮೂರಲ್ಲಿ ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಈಸಲು, ಅಂದ್ರೆ ರೆಕ್ಕೆ ಬಂದ ಗೆದ್ದಲು, ಏಳುತ್ತೆ. ನಮ್ಮಜ್ಜಿ ಹುತ್ತದ ಬಾಯಿ ಹತ್ತಿರ ದೀಪ ಇಟ್ಟು, ಪಕ್ಕದಲ್ಲೇ ಅಗಲವಾದ ಬಾಣಲಿ ಇಟ್ಟು ಕಾಯೋರು. ಬೆಳಕಿಗೆ ಬಂದದ್ದು ಅದರೊಳಗೆ ಬೀಳೋದು. ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಎಣ್ಣೆ ಹಾಕದೆ ಹುರಿದು, ಪುರಿ, ಹುರಿಗಡಲೆ, ಉಪ್ಪು, ಖಾರದಪುಡಿ ಕಲಸಿ ಕೈಗೆ ಕೊಡೋರು. ಅದರದೇ ಜಿಡ್ಡು ಸಾಕು, ಕಡಲೆಬೀಜದ ಥರ ಘಮ. ವರ್ಷಕ್ಕೆ ಒಂದೆರಡು ಸಂಜೆ ಸಿಗೋ ಆ ರುಚಿಗೆ ಮಕ್ಕಳು ಜಗಳ ಆಡ್ತಿದ್ವಿ.

ಬೆಂಗಳೂರಿಗೆ ಬಂದು ಆಫೀಸಲ್ಲಿ ಇದನ್ನ ಹೇಳಿದಾಗ ಎದುರು ಕೂತಿದ್ದವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಇವತ್ತು ಇಲ್ಲಿ ಹೇಳ್ತಿದ್ದೀನಿ.

ತೀರ್ಥಹಳ್ಳಿ_ರಮ್ಯಾ
ನಮ್ಮ ಕಡೆ ಚಗಳಿ ಚಟ್ನಿ. ಮರದ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಹುರಿದು ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ರುಬ್ಬಿದರೆ ಹುಣಸೆಹಣ್ಣಿನ ಅಗತ್ಯವೇ ಇಲ್ಲ, ಹುಳಿ ಅದರಲ್ಲೇ ಇದೆ. ಒಡಿಶಾದ ಸಿಮಿಲಿಪಾಲ್ ಕಡೆಯ ಇದೇ ಬಗೆಯ ಚಟ್ನಿಗೆ 2024ರಲ್ಲಿ ಜಿಐ ಮಾನ್ಯತೆ (ಆಯಾ ಊರಿನ ವಿಶೇಷ ಪದಾರ್ಥ ಅನ್ನುವ ಗುರುತು) ಸಿಕ್ಕಿದ ಮೇಲೆ ನನ್ನ ಗೆಳತಿಯರು ರೆಸಿಪಿ ಕೇಳಿದರು. ಅದಕ್ಕೂ ಮುಂಚೆ ಛೀ ಅಂದವರೂ ಇವರೇ.

ಜೈನ್_ಚಿಕ್ಕಪೇಟೆ
ಹುಳದ ಮಾತು ಬಂತಲ್ಲ, ಒಂದು ವಿಷಯ. ಹೊಳೆಯುವ ಚಾಕೊಲೇಟ್ ಗುಂಡು, ಪೆಪ್ಪರ್‌ಮಿಂಟ್ ಮೇಲೆ ಶೆಲ್ಯಾಕ್ ಲೇಪ ಇರುತ್ತೆ, ಐಎನ್‌ಎಸ್ 904 (ಆಹಾರಕ್ಕೆ ಸೇರಿಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆ). ಅದು ಅರಗಿನ ಹುಳದಿಂದ ಬರೋದು. ನಮ್ಮ ದೇಶದ ಲೇಬಲ್ ನಿಯಮದಲ್ಲಿ ಹಾಲು, ಜೇನು, ಜೇನುಮೇಣ, ಶೆಲ್ಯಾಕ್ ಇವಕ್ಕೆ ವಿನಾಯಿತಿ ಇದೆ, ಹಸಿರು ಚುಕ್ಕೆ ಹಾಕಬಹುದು. ಕಾಕಿನೀಲ್ ಹುಳದ ಕೆಂಪು ಬಣ್ಣ, ಅಂದರೆ ಐಎನ್‌ಎಸ್ 120, ಇದ್ದರೆ ಹಾಕುವ ಹಾಗಿಲ್ಲ. ನಮ್ಮ ಮನೆಯಲ್ಲಿ ಜೇನೂ ತಿನ್ನಲ್ಲ, ಹಾಗಾಗಿ ಚುಕ್ಕೆ ನೋಡಿ ಸುಮ್ಮನಾಗೋಕೆ ಆಗಲ್ಲ, ಪಟ್ಟಿ ಪೂರ್ತಿ ಓದಲೇಬೇಕು.

ಮಿಠಾಯಿ ಮೇಲಿನ ಬೆಳ್ಳಿ ವರಕ್ ಇದೆಯಲ್ಲ, ಹಿಂದೆ ಅದನ್ನು ದನದ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿದು ತೆಳ್ಳಗೆ ಮಾಡೋರು. ಪ್ರಾಣಿಮೂಲದ ಯಾವುದನ್ನೂ ಯಾವ ಹಂತದಲ್ಲೂ ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್ಎಸ್ಎಸ್ಎಐ) ನಿಯಮ ತಂದದ್ದು 2016ರಲ್ಲಿ. ಅಲ್ಲಿಯವರೆಗೆ ದೇವರ ನೈವೇದ್ಯಕ್ಕೂ ಅದೇ ಹೋಗ್ತಿತ್ತು. ನಮ್ಮ ಸಮಾಜದ ಹಿರಿಯರು ಇದಕ್ಕಾಗಿ ತುಂಬ ಓಡಾಡಿದ್ದರು.

ಗದಗಿನ_ಬಸು
ಆ ಚುಕ್ಕಿ ಯಾಕ್ರಿ ಅಷ್ಟ್ ಸಣ್ಣ ಇರ್ತೈತಿ? ನಮ್ಮವ್ವಗ ಕನ್ನಡಕ ಹಾಕ್ಕೊಂಡ್ರೂ ಹಸರೋ ಕಂದೋ ತಿಳಿಯಂಗಿಲ್ಲ.

ವಕೀಲ_ರಾಜಾಜಿನಗರ
ಬಸು ಅವರೇ, 100 ಚದರ ಸೆಂಟಿಮೀಟರ್‌ವರೆಗಿನ ಪ್ಯಾಕೆಟ್ ಮುಖಕ್ಕೆ ಚುಕ್ಕೆ ಕನಿಷ್ಠ 3 ಮಿಲಿಮೀಟರ್ ವ್ಯಾಸ ಸಾಕು ಅಂತಲೇ ನಿಯಮ ಇದೆ. ಅದು ಚಿಕ್ಕದೇ, ಒಪ್ಪುತ್ತೇನೆ. ಬಣ್ಣ ಗುರುತಿಸಲಾಗದವರಿಗೆ ಅನುಕೂಲವಾಗಲಿ ಅಂತ 2020ರ ಲೇಬಲ್ ನಿಯಮದಲ್ಲಿ ಮಾಂಸಾಹಾರದ ಗುರುತನ್ನು ಕಂದು ಚುಕ್ಕೆಯಿಂದ ಕಂದು ತ್ರಿಕೋನಕ್ಕೆ ಬದಲಿಸಿದರು. ಅಮ್ಮನಿಗೆ ಆಕಾರ ನೋಡಲು ಹೇಳಿ.

ಲತಾ ಅವರಿಗೆ: ಆಮದುದಾರರು ತಮ್ಮ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಚುಕ್ಕೆ ಇವನ್ನು ಸ್ಟಿಕ್ಕರಿನಲ್ಲಿ ಹಾಕಬಹುದು. ಮೂಲ ಪಟ್ಟಿಯನ್ನು ಮುಚ್ಚಲು ಆ ಅವಕಾಶ ಕೊಟ್ಟಿದ್ದಲ್ಲ. ತಪ್ಪು ಲೇಬಲ್‌ಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಕಲಮಿನಲ್ಲಿ 3 ಲಕ್ಷ ರೂಪಾಯಿವರೆಗೆ ದಂಡವಿದೆ. 2021ರ ಡಿಸೆಂಬರ್ 9ರಂದು ದೆಹಲಿ ಹೈಕೋರ್ಟ್ ಕೊಟ್ಟ ಆದೇಶವೂ ನಿಮ್ಮ ಪರವಾಗಿದೆ. ಪದಾರ್ಥದ ಕೋಡ್ ಮಾತ್ರ ಬರೆದರೆ ಸಾಲದು, ಅದು ಗಿಡದ್ದೋ ಪ್ರಾಣಿಯದೋ ಪ್ರಯೋಗಾಲಯದ್ದೋ ಅಂತಲೂ ತಿಳಿಸಬೇಕು, ಎಷ್ಟೇ ಕಡಿಮೆ ಪ್ರಮಾಣವಿದ್ದರೂ ಸರಿ ಅಂತ ಕೋರ್ಟ್ ಹೇಳಿತು. ಜಾರಿ ಹೇಗಿದೆ ಅನ್ನುವುದಕ್ಕೆ ನಿಮ್ಮ ಪ್ಯಾಕೆಟ್ಟೇ ಉತ್ತರ.

ಶ್ರೀಧರ್ ಅವರೇ, ನೀವು ಕೇಳುವ ಗೆರೆ ಕಾನೂನಿನಲ್ಲಿ ಈಗಾಗಲೇ ಇದೆ. ಆಹಾರ ನಿಯಮದ ಪ್ರಾಣಿಗಳ ಪಟ್ಟಿಯಲ್ಲಿ ಕುರಿ, ಆಡು, ಹಂದಿ, ದನ ಜಾತಿಯವು, ಸಾಕುಮೊಲ, ಕೋಳಿ ಜಾತಿಯ ಹಕ್ಕಿಗಳು, ಮೀನು ಇವೆ. ಕತ್ತೆ ಇಲ್ಲ, ಆದರೂ ಆಂಧ್ರದ ಕೆಲವು ಜಿಲ್ಲೆಗಳಲ್ಲಿ ಕತ್ತೆ ಮಾಂಸ ಮಾರುತ್ತಾರೆ ಅಂತ ಪೊಲೀಸ್ ದಾಳಿಗಳಾಗಿವೆ. ಉಡ, ಕಾಡುಹಂದಿ ವನ್ಯಜೀವಿ ಕಾಯ್ದೆಗೆ ಬರುತ್ತವೆ. ಕರ್ನಾಟಕದಲ್ಲಿ 2021ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದ ಜಾನುವಾರು ಹತ್ಯೆಗೆ ನಿಷೇಧವಿದೆ.

ಆದರೆ ಆ ಗೆರೆ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ. ನಾಗಾಲ್ಯಾಂಡ್ ಸರ್ಕಾರ 2020ರ ಜುಲೈನಲ್ಲಿ ನಾಯಿ ಮಾಂಸದ ಮಾರಾಟ ನಿಷೇಧಿಸಿತು, 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ಆ ಆದೇಶ ರದ್ದು ಮಾಡಿತು. ಈಶಾನ್ಯದ ಮಿಥುನ್ ಅನ್ನುವ ಪ್ರಾಣಿಯನ್ನು ಆಹಾರ ಪ್ರಾಣಿ ಅಂತ ಒಪ್ಪಿದ್ದು 2023ರಲ್ಲಿ. ಇತ್ತ ದಕ್ಷಿಣ ಕೊರಿಯಾ, ಜನ ತಲೆತಲಾಂತರದಿಂದ ತಿನ್ನುತ್ತಿದ್ದ ನಾಯಿ ಮಾಂಸವನ್ನು 2027ರಿಂದ ನಿಲ್ಲಿಸಲು 2024ರಲ್ಲಿ ಕಾನೂನು ಮಾಡಿತು.

ಮಡಿಕೇರಿ_ಕಾವೇರಿ
ನಾನು ಬೇರೆ ಕಡೆಯಿಂದ ಒಂದು ಮಾತು ಹೇಳಬಹುದಾ? ಪಂದಿ ಕರಿ ನಮ್ಮ ಮನೆಯ ಹಬ್ಬದ ಅಡುಗೆ. ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕಡೆಯ ಕಪ್ಪು ಹುಳಿ) ಹಾಕಿ ಕಪ್ಪಗೆ ಹುರಿದದ್ದು, ಜೊತೆಗೆ ಕಡುಬು, ಅದಿಲ್ಲದೆ ಕೈಲ್‌ಪೋಳ್ದ್ ಹಬ್ಬವೇ ಇಲ್ಲ. ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹುಡುಕುವಾಗ ಮೊದಲ ಪ್ರಶ್ನೆ “ನೀವು ವೆಜ್ಜಾ?” ಹೌದು ಅಂದರೆ ಮನೆ ಸಿಗುತ್ತೆ. ನಿಜ ಹೇಳಿದರೆ ಗೇಟಿನಲ್ಲೇ ವಾಪಸ್. ನನ್ನ ತಂಗಿ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಊದುಬತ್ತಿ ಹಚ್ಚಿಟ್ಟು ಅಡುಗೆ ಮಾಡುತ್ತಾಳೆ.

ಕಂಪನಿಗಳು ಪೂರ್ತಿ ಬರೆಯಬೇಕು ಅಂತ ನಾನೂ ಕೇಳುತ್ತೇನೆ, ಲತಾ ಅವರ ಅತ್ತೆಗೆ ಆದದ್ದು ದೊಡ್ಡ ಅನ್ಯಾಯ. ಆದರೆ ಇದೇ ಊರಿನಲ್ಲಿ ತಾನು ತಿನ್ನುವುದನ್ನು ಬಾಯಿಬಿಟ್ಟು ಹೇಳಿದವರಿಗೆ ಮನೆ ತಪ್ಪುತ್ತೆ, ಮೇಜು ಖಾಲಿಯಾಗುತ್ತೆ. ಮುನಿರಾಜು ಅವರು ಸುಮ್ಮನಾದದ್ದು ಅದಕ್ಕೇ ತಾನೇ? ಹೇಳುವವರಿಗೆ ಹೀಗಾಗುವ ಕಡೆ, ಮುಚ್ಚಿಡುವುದೇ ಎಲ್ಲರಿಗೂ ರೂಢಿಯಾಗುತ್ತದೆ.

ಪದ್ಮನಾಭನಗರ_ಶ್ರೀಧರ
ಕಾವೇರಿಯವರೇ, ಮನೆ ನನ್ನದಾದರೆ ಯಾರಿಗೆ ಕೊಡಬೇಕು ಅನ್ನುವುದು ನನ್ನ ಆಯ್ಕೆಯಲ್ಲವೇ? ಮಹಡಿಯಲ್ಲಿ ಹಂದಿ ಬೇಯುವ ವಾಸನೆ ಕೆಳಗೆ ಪೂಜೆಗೆ ಕೂತ ನಮ್ಮ ತಾಯಿಗೆ ಬರುವುದೂ ನಿಜ.

ಮಡಿಕೇರಿ_ಕಾವೇರಿ
ವಾಸನೆ ಬರುತ್ತೆ, ಅದನ್ನು ಅಲ್ಲಗಳೆಯಲ್ಲ. ಪೂಜೆಯ ಹೊತ್ತು ಯಾವುದು ಅಂತ ಹೇಳಿ, ಆಗ ಒಲೆ ಹಚ್ಚಲ್ಲ ಅಂತ ಒಪ್ಪಿಕೊಳ್ಳುವವರು ನಾವು. ಹಾಗೆ ಮಾತಾಡಲಿಕ್ಕೆ ಮೊದಲು ನಾವು ಏನು ತಿನ್ನುತ್ತೇವೆ ಅಂತ ಹೇಳಲು ಬಿಡಬೇಕಲ್ಲ.

ಲತಾ_ಬನಶಂಕರಿ
ಕುಮಾರ್ ಅವರ ಮಾತು ಮನಸ್ಸಿಗೆ ನಾಟಿತು, ಇವತ್ತು ಬೆಳಿಗ್ಗೆ ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಲೆಗೆ ಸ್ನಾನ ಮಾಡಿ ಬಂದು ಆ ಪ್ಯಾಕೆಟ್ ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಸ್ಟಿಕ್ಕರನ್ನೂ ಅದರ ಕೆಳಗಿನದನ್ನೂ ಒಂದೊಂದು ಅಕ್ಷರ ಕೂಡಿಸಿ ಓದಿದರು. “ಮಾಡಿದವನು ಸರಿಯಾಗೇ ಬರ್ದಿದಾನಲ್ಲೇ, ಅವನ ಮೇಲೆ ನಂಗೇನೂ ಇಲ್ಲ. ಇದನ್ನ ಅಂಟಿಸಿದೋನು ಯಾರು, ಅವನ ಫೋನ್ ನಂಬರ್ ಇದ್ಯಾ?” ಅಂದರು. ಈಗ ದೂರಿಗೆ ಅವರೂ ಸಹಿ ಹಾಕುತ್ತಾರಂತೆ.

ವಕೀಲರೇ, ಇದೇ ಅಂಗಡಿಯ ಬೇರೆ ಪದಾರ್ಥಗಳನ್ನೂ ಪರೀಕ್ಷೆಗೆ ಕೊಡಬಹುದಾ? ಫ್ರೀಜರ್‌ನಲ್ಲಿ ಸ್ಟಿಕ್ಕರ್ ಅಂಟಿಸಿದ್ದು ಇನ್ನೂ ಬೇಕಾದಷ್ಟಿವೆ. ಥಾಯ್ ಕರಿ ಪೇಸ್ಟ್ ಒಂದಿದೆ, ಅದರ ಮೇಲೂ ಹಸಿರು ಚುಕ್ಕೆ.

ಡಿಎನ್‌ಎ_ಶಿವು
ಆ ಪೇಸ್ಟ್ ಖಂಡಿತ ನೋಡಬೇಕು. ಥಾಯ್ ಕರಿ ಪೇಸ್ಟ್‌ಗೆ ಸೀಗಡಿ ಹಾಕುವುದು ಅಲ್ಲಿಯ ಮಾಮೂಲಿ ಕ್ರಮ. ಹಾಕದೆ ಮಾಡಿದ್ದೂ ಬರುತ್ತೆ, ಯಾವುದು ಅಂತ ಪಟ್ಟಿ ಹೇಳಬೇಕು. ಸೋಯಾ ಸಾಸ್ ಪಕ್ಕದಲ್ಲೇ ಇರುವ ವೂಸ್ಟರ್ ಸಾಸ್‌ಗೂ ಮೂಲ ಕ್ರಮದಲ್ಲಿ ಆಂಚೊವಿ ಮೀನು ಬೀಳುತ್ತೆ. ಹಾಗೇ ಐಎನ್‌ಎಸ್ 631 ಅಂದರೆ ಹಂದಿ ಕೊಬ್ಬು ಅಂತ ವಾಟ್ಸಾಪ್‌ನಲ್ಲಿ ಓಡಾಡುವುದನ್ನು ನಂಬಬೇಡಿ. ಅದು ಕೊಬ್ಬೇ ಅಲ್ಲ, ರುಚಿ ಹೆಚ್ಚಿಸುವ ಪದಾರ್ಥ. ಮಾಂಸ, ಮೀನಿನಿಂದಲೂ ತೆಗೀಬಹುದು, ಮರಗೆಣಸಿನ ಪಿಷ್ಟವನ್ನು ಹುದುಗಿಸಿಯೂ ಮಾಡಬಹುದು.

ವಕೀಲ_ರಾಜಾಜಿನಗರ
ಕೊಡಬಹುದು. ಅದೇ ಕಾಯ್ದೆಯ 40ನೇ ಕಲಮು ಕೊಳ್ಳುವವರಿಗೆ ಆ ಹಕ್ಕು ಕೊಡುತ್ತದೆ. ಆದರೆ ಒಂದು ಷರತ್ತು ಹೆಚ್ಚಿನವರಿಗೆ ಗೊತ್ತಿಲ್ಲ: ಕೊಳ್ಳುವಾಗಲೇ, ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಅಂತ ಅಂಗಡಿಯವರಿಗೆ ತಿಳಿಸಬೇಕು. ಶುಲ್ಕ ಮೊದಲು ನೀವೇ ಕಟ್ಟಬೇಕು, ವರದಿಯಲ್ಲಿ ಕಾಯ್ದೆಯ ಉಲ್ಲಂಘನೆ ಕಂಡರೆ ವಾಪಸ್ ಬರುತ್ತದೆ. ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಇಲ್ಲವಾದರೆ ಹೇಳಿದ್ದಕ್ಕೆ ಸಾಕ್ಷಿಯಾಗಿ ಜೊತೆಗೊಬ್ಬರು ಇರಲಿ. ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ರಾಜ್ಯದ ಆಹಾರ ಪ್ರಯೋಗಾಲಯ ಇದೆ, ಅಲ್ಲಿ ಮೊದಲು ವಿಚಾರಿಸಿಕೊಂಡು ಹೋಗಿ.

ಕುಮಾರ_ಕಾಮಾಕ್ಷಿಪಾಳ್ಯ
ಸಾಕ್ಷಿಗೆ ನಾನು ಬತ್ತೀನಿ ಅಕ್ಕ. ಶನಿವಾರ ರಜಾ ನಂಗೆ.

ಆಯೇಷಾ_ಶಿವಾಜಿನಗರ
ನಾನೂ ಬರ್ತೀನಿ ಆಂಟಿ, ಆದರೆ ಶನಿವಾರ, ಭಾನುವಾರ ಅಂಗಡಿಯಲ್ಲಿ ಕೈ ಬಿಡುವಿರಲ್ಲ. ಮಂಗಳವಾರ ಆದರೆ ಸರಿ. ಕಬಾಬ್ ಪ್ಯಾಕೆಟ್ ಒಂದನ್ನೂ ಸೇರಿಸೋಣ, ಅದರ ಶುಲ್ಕ ಅಬ್ಬಾ ಕೊಡ್ತಾರಂತೆ.

ಲತಾ_ಬನಶಂಕರಿ
ಮಂಗಳವಾರವೇ ಇಟ್ಟುಕೊಳ್ಳೋಣ, ಕುಮಾರ್, ಅರ್ಧ ದಿನ ರಜಾ ಸಿಗುತ್ತಾ ನೋಡಿ. ಹನ್ನೊಂದು ಗಂಟೆಗೆ ಬಿಡಿಎ ಕಾಂಪ್ಲೆಕ್ಸ್ ಹತ್ತಿರ ಸೇರೋಣ. ಅತ್ತೆಯೂ ಬರುತ್ತೇನೆ ಅನ್ನುತ್ತಿದ್ದಾರೆ, ಆಟೋ ಮಾಡಿಕೊಂಡು ಬರುತ್ತೇವೆ.